ಡೈ ಎಷ್ಟು, ಮೈ ಎಷ್ಟು?

ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಿಗೆ ಗೊತ್ತಿರುತ್ತದೆ. ಕೈಯ ರಕ್ತನಾಳಕ್ಕೆ ಸೂಜಿ ಹಾಕಿ, ನೀರಿನಷ್ಟು ತಿಳಿಯಾದ ದ್ರವವೊಂದನ್ನು ಯಂತ್ರದಿಂದ ರಭಸವಾಗಿ ಒಳಕ್ಕೆ ತಳ್ಳುತ್ತಾರೆ. ಮೈಯೆಲ್ಲ ಬಿಸಿ ಹರಿದಂತಾಗುತ್ತದೆ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ. ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಎಂದು ಗಾಬರಿಯಾಗುವವರೂ ಉಂಟು. ಹೋಗಿರುವುದಿಲ್ಲ, ಭಯ ಬೇಡ. ವೈದ್ಯರು ಕಾಂಟ್ರಾಸ್ಟ್ ಎನ್ನುವ, ಜನ ಡೈ ಎನ್ನುವ ಈ ದ್ರವವನ್ನು ಯಾರಿಗೆ ಎಷ್ಟು ಕೊಡಬೇಕು?

ಇದರಲ್ಲಿ ಕೆಲಸ ಮಾಡುವುದು ಅಯೋಡಿನ್. ಅದರ ಪರಮಾಣು ಭಾರವಾದದ್ದು, ಎಕ್ಸ್-ಕಿರಣವನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ರಕ್ತ ಹರಿದಲ್ಲೆಲ್ಲ ಚಿತ್ರ ಬೆಳ್ಳಗಾಗುತ್ತದೆ. ಡೈ ಇಲ್ಲದೆ ತೆಗೆದ ಚಿತ್ರದಲ್ಲಿ ಯಕೃತ್ತೂ ಅದರೊಳಗಿನ ಗಡ್ಡೆಯೂ ಎಷ್ಟೋ ಸಲ ಒಂದೇ ಬೂದು ಬಣ್ಣ. ಡೈ ಹೊಕ್ಕ ಮೇಲೆ ಯಕೃತ್ತು ಬೆಳಗುತ್ತದೆ, ಹಲವು ಬಗೆಯ ಗಡ್ಡೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಈ ಬೆಳಗುವಿಕೆಯನ್ನು ಅಳೆಯುವ ಮಾನಕ್ಕೆ ಸಿ.ಟಿ. ಯಂತ್ರ ಕಟ್ಟಿದ ಇಂಗ್ಲೆಂಡಿನ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಹೆಸರಿದೆ. ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಯಕೃತ್ತು ಡೈಯಿಂದ ಸುಮಾರು 50 ಹೌನ್ಸ್‌ಫೀಲ್ಡ್ ಮಾನದಷ್ಟು ಮೇಲೇರಿದರೆ ರೇಡಿಯಾಲಜಿಸ್ಟರಿಗೆ ಸಮಾಧಾನ.

ಅಷ್ಟು ಏರಬೇಕಾದರೆ ದೇಹದ ತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಅರ್ಧ ಗ್ರಾಂ ಅಯೋಡಿನ್ ಬೇಕು. ಆದರೆ ಬಹುಕಾಲ ನಡೆದು ಬಂದ ರೂಢಿ ಬೇರೆ: ಯಾರೇ ಬರಲಿ, ಒಂದು ಬಾಟಲಿ, 100 ಮಿಲಿಲೀಟರ್. ಮಿಲಿಲೀಟರಿಗೆ 350 ಮಿಲಿಗ್ರಾಂ ಸಾಂದ್ರತೆಯದಾದರೆ ಅದರಲ್ಲಿ 35 ಗ್ರಾಂ ಅಯೋಡಿನ್. (ನಮ್ಮ ದಿನದ ಅಗತ್ಯ 150 ಮೈಕ್ರೋಗ್ರಾಂ ಮಾತ್ರ. ಅಂದರೆ ಎರಡು ಲಕ್ಷ ದಿನಗಳಿಗೂ ಮಿಕ್ಕಿದ ಅಯೋಡಿನ್! ಅಣುವಿಗೆ ಬಿಗಿದುಕೊಂಡಿರುವುದರಿಂದ ಅದರಲ್ಲಿ ಬಹುಪಾಲು ದೇಹಕ್ಕೆ ದಕ್ಕದೆ, ಮೂತ್ರಪಿಂಡದ ದಾರಿ ಹಿಡಿದು ಹೊರಟುಹೋಗುತ್ತದೆ.) ಚೊಂಬಿನ ನೀರಿಗೂ ಹಂಡೆಯ ನೀರಿಗೂ ಒಂದೇ ಅಳತೆ ನೀಲಿ ಹಾಕಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. 45 ಕಿಲೋ ತೂಗುವ ಅಜ್ಜಿಗೆ 64 ಮಿಲಿಲೀಟರ್ ಸಾಕಿತ್ತು. ಮಿಕ್ಕಿದ್ದು, ಮೊದಲೇ ದಣಿದಿರಬಹುದಾದ ಅವರ ಮೂತ್ರಪಿಂಡದ ಪಾಲಿಗೆ. 90 ಕಿಲೋ ಆಸಾಮಿಗೆ ಬೇಕಿದ್ದುದು ಸುಮಾರು 130. ಆತನ ಚಿತ್ರ ಮಂಕು. ನನ್ನನ್ನು ಕೇಳಿದರೆ, ಬಾಟಲಿಯ ಲೆಕ್ಕ ಕೆಲಸದ ಅನುಕೂಲಕ್ಕೆ ಹುಟ್ಟಿದ್ದೇ ಹೊರತು ರೋಗಿಗಾಗಿ ಅಲ್ಲ.

ಹಾಗಾದರೆ ತೂಕಕ್ಕೆ ಗುಣಿಸಿಬಿಟ್ಟರೆ ಆಯಿತಲ್ಲ? ಅಷ್ಟು ಸರಳವಲ್ಲ. ಬೊಜ್ಜಿನಲ್ಲಿ ರಕ್ತದ ಓಡಾಟ ಕಡಿಮೆ. 90 ಕಿಲೋ ತೂಗುವ ಗಟ್ಟಿಮುಟ್ಟಾದ ಪೈಲ್ವಾನನನ್ನೂ ಅಷ್ಟೇ ತೂಗುವ, ಕುಳ್ಳಗೆ ದಪ್ಪಗಿರುವ ಇನ್ನೊಬ್ಬರನ್ನೂ ತಕ್ಕಡಿ ಒಂದೇ ಎನ್ನುತ್ತದೆ. ಡೈ ಬೆರೆಯಬೇಕಾದ ರಕ್ತ ಮಾತ್ರ ಪೈಲ್ವಾನನಲ್ಲಿ ಹೆಚ್ಚು. ಬರೀ ತೂಕ ನೋಡಿದರೆ ಎರಡನೆಯವರಿಗೆ ಅತಿಯಾಗುತ್ತದೆ. ಅದಕ್ಕೇ ಈಗ ಎತ್ತರ, ತೂಕ, ಗಂಡೋ ಹೆಣ್ಣೋ ಎಂಬುದನ್ನು ಸೂತ್ರಕ್ಕೆ ಹಾಕಿ, ಕೊಬ್ಬು ಕಳೆದ ತೂಕವನ್ನು ಅಂದಾಜು ಮಾಡಿ ಡೈ ಗೊತ್ತುಮಾಡುವವರಿದ್ದಾರೆ. ತೆಳ್ಳನೆಯವರಿಗೆ ಇನ್ನೊಂದು ಅನುಕೂಲವೂ ಇದೆ: ಯಂತ್ರದ ವೋಲ್ಟೇಜನ್ನು 120 ಕಿಲೋವೋಲ್ಟಿನಿಂದ 100ಕ್ಕೋ 80ಕ್ಕೋ ಇಳಿಸಿದರೆ ಅಷ್ಟೇ ಅಯೋಡಿನ್ ಹೆಚ್ಚು ಬೆಳಗುತ್ತದೆ, ಡೈ ಇನ್ನೂ ಕಡಿಮೆ ಸಾಕು.

2022ರಲ್ಲಿ ಕೋವಿಡ್ ಲಾಕ್‌ಡೌನಿನಿಂದ ಶಾಂಘೈನ ದೊಡ್ಡ ಡೈ ಕಾರ್ಖಾನೆಯ ಉತ್ಪಾದನೆ ಕುಸಿದಾಗ ಅಮೆರಿಕದ ಆಸ್ಪತ್ರೆಗಳು ಪರದಾಡಿದವು. ಬಾಟಲಿ ಲೆಕ್ಕ ಬಿಟ್ಟು ತೂಕದ ಲೆಕ್ಕ ಹಿಡಿಯಿರಿ ಎಂಬ ಹಳೆಯ ಸಲಹೆಗೆ ಆಗ ಹೊಸ ಬೆಲೆ ಬಂತು.

ಇಷ್ಟಾದರೂ ತೂಕ ಹೇಳುವುದು ಎಷ್ಟು ಎಂಬುದನ್ನು. ಯಾವಾಗ ಎಂಬುದನ್ನು ಹೇಳುವುದು ಹೃದಯ. ದುರ್ಬಲ ಹೃದಯದವರಲ್ಲಿ ಡೈ ತಡವಾಗಿ ತಲುಪುತ್ತದೆ. ಆದ್ದರಿಂದ ರಕ್ತನಾಳಗಳ ಚಿತ್ರ ತೆಗೆಯುವಾಗ ಯಂತ್ರ ಮೊದಲು ಮಹಾಧಮನಿಯ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತ ಕಾಯುತ್ತದೆ. ಅಲ್ಲಿ ಬಿಳುಪು ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ಮಾತ್ರ, ಉಸಿರು ಹಿಡಿಯಿರಿ ಎಂಬ ಸೂಚನೆ ನಿಮ್ಮ ಕಿವಿಗೆ ಬೀಳುತ್ತದೆ.