ಕಾರಿನ ಹೊಳಪು, ಕೈಯಲ್ಲಿರುವ ಯಂತ್ರ

ಊರು ಬಿಟ್ಟು ಮಹಾನಗರಕ್ಕೆ ಬಂದು ನೆಲೆ ನಿಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಕಾರು ಎಂದರೆ ಬರೀ ವಾಹನವಲ್ಲ. ವರ್ಷಗಟ್ಟಲೆ ಕಂತು ಕಟ್ಟಿ ಪಡೆದ ಆಸ್ತಿ. ಷೋರೂಮಿನಿಂದ ತಂದ ದಿನ ಅದರ ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಎರಡು ಮೂರು ವರ್ಷ ಕಳೆಯಲಿ, ಬಿಸಿಲಿನಲ್ಲಿ ಓರೆಯಾಗಿ ನೋಡಿ. ಜೇಡರ ಬಲೆ ಹೆಣೆದಂತೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಇದಕ್ಕೆ ಯಾರ ಶಾಪವೂ ಕಾರಣವಲ್ಲ. ಸೊಸೈಟಿಯಲ್ಲಿ ಬೆಳಗಿನ ಜಾವ ಒಂದೇ ಬಕೆಟ್ ನೀರು, ಒಂದೇ ಬಟ್ಟೆ ಹಿಡಿದು ಹತ್ತು ಕಾರು ಒರೆಸುತ್ತಾರಲ್ಲ, ಆ ಬಟ್ಟೆಯಲ್ಲಿ ಸಿಕ್ಕಿಕೊಂಡ ದೂಳಿನ ಕೆಲಸ ಅದು.

ಈ ಗೆರೆಗಳನ್ನು ತೆಗೆಯಲು ನಿಮ್ಮಲ್ಲಿ ಕೆಲವರು ಈಗಾಗಲೇ ಒಂದು ಸಣ್ಣ ಪಾಲಿಶಿಂಗ್ ಯಂತ್ರ ಕೊಂಡಿರಬಹುದು. ಈಗ ಅದಕ್ಕಿಂತ ದೊಡ್ಡದು, ಉತ್ತಮವಾದದ್ದು ಬೇಕೆನಿಸಿರಬಹುದು. ಇನ್ನು ಕೆಲವರು ಬಿಡುವಿನ ದಿನಗಳಲ್ಲಿ ನಾಲ್ಕು ಜನರ ಕಾರು ಹೊಳೆಯಿಸಿ ಎರಡು ಕಾಸು ಸಂಪಾದಿಸುವ ಯೋಚನೆಯಲ್ಲಿರಬಹುದು. ನಿಮಗಾಗಿಯೇ ಇಂದಿನ ಮಾತು.

ಯಂತ್ರದ ಮಾತಿಗೆ ಮೊದಲು ಬಣ್ಣದ ಮಾತು. ಇಂದಿನ ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತಹ ಕ್ಲಿಯರ್ ಕೋಟ್ ಇರುತ್ತದೆ. ಈ ಮೇಲಿನ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಎಂದರೆ ಇದೆಷ್ಟು ತೆಳು ಎಂದು ನೀವೇ ಊಹಿಸಿಕೊಳ್ಳಿ. ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವುದೂ ಇದೇ ಪದರ. ಗೆರೆ ತೆಗೆಯುವುದು ಎಂದರೆ ಗೆರೆಯನ್ನು ತುಂಬುವುದಲ್ಲ. ಗೆರೆಯ ಸುತ್ತಲಿನ ಕ್ಲಿಯರ್ ಕೋಟನ್ನು ಗೆರೆಯ ಆಳದವರೆಗೆ ತೇಯುವುದು. ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಬ್ಯಾಂಕಿನಲ್ಲಿಟ್ಟ ಅಸಲಿನ ಹಾಗೆ, ತೆಗೆದಷ್ಟೂ ಕಡಿಮೆ. ಪೂರ್ತಿ ಸವೆದರೆ ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ. ಆದ್ದರಿಂದ ಯಂತ್ರ ಎಷ್ಟು ಬೇಗ ತೇಯುತ್ತದೆ ಎಂಬುದರ ಜೊತೆಗೆ, ಅದು ನಿಮ್ಮ ಹಿಡಿತದಲ್ಲಿ ಎಷ್ಟು ಇರುತ್ತದೆ ಎಂಬುದನ್ನೂ ನೋಡಬೇಕು.

ಯಂತ್ರಗಳಲ್ಲಿ ಮೂರು ಜಾತಿ. ಮೊದಲನೆಯದು ರೋಟರಿ. ರಾಗಿ ಬೀಸುವ ಕಲ್ಲಿನ ಹಾಗೆ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ. ಡೆಂಟಿಂಗ್, ಪೇಂಟಿಂಗ್ ಗ್ಯಾರೇಜುಗಳಲ್ಲಿ ನೀವು ನೋಡಿರುವುದು ಹೆಚ್ಚಾಗಿ ಇದನ್ನೇ. ಬಹಳ ಬೇಗ ತೇಯುತ್ತದೆ, ಆದರೆ ಒಂದೇ ಕಡೆ ಶಾಖ ಏರುತ್ತದೆ. ಕೈ ಪಳಗದವರು ಹಿಡಿದರೆ ಅಂಚಿನಲ್ಲಿ ಬಣ್ಣ ಸುಡಬಹುದು. ಬಿಸಿಲಿನಲ್ಲಿ ಮಾತ್ರ ಕಾಣುವ ಸುರುಳಿ ನೆರಳುಗಳೂ ಉಳಿಯಬಹುದು.

ಎರಡನೆಯದು ಡ್ಯುಯಲ್ ಆಕ್ಷನ್. ಇದು ಬುಗುರಿಯ ಹಾಗೆ. ತನ್ನಷ್ಟಕ್ಕೆ ತಾನು ತಿರುಗುತ್ತಲೇ ಪಕ್ಕಕ್ಕೂ ಸುತ್ತುತ್ತದೆ. ಹೆಚ್ಚು ಅದುಮಿದರೆ ತಿರುಗುವುದು ನಿಂತು ಬರೀ ಅಲುಗಾಡುತ್ತದೆ. ಅದು ದೋಷವೂ ಹೌದು, ರಕ್ಷಣೆಯೂ ಹೌದು.

ಮೂರನೆಯದರಲ್ಲೂ ಎರಡು ಚಲನೆ ಇದೆ, ಆದರೆ ತಿರುಗುವುದನ್ನು ಗಿಯರ್ ನಡೆಸುತ್ತದೆ. ಅದುಮಿದರೂ, ಉಬ್ಬುತಗ್ಗು ಬಂದರೂ ನಿಲ್ಲುವುದಿಲ್ಲ. ಜರ್ಮನಿಯ ಫ್ಲೆಕ್ಸ್ ಕಂಪನಿಯ 3401 ಈ ಜಾತಿಯಲ್ಲಿ ಹೆಸರಾದದ್ದು. ತೇಯುವ ಶಕ್ತಿ ಹೆಚ್ಚು. ಕೈ ಎಳೆತ ಮತ್ತು ಶಾಖವೂ ಸ್ವಲ್ಪ ಹೆಚ್ಚು. ಜಪಾನಿನ ಮಕಿಟಾದ ಪಿಓ 5000ದಂತಹ ಯಂತ್ರಗಳಲ್ಲಿ ಗಿಯರಿನ ಚಲನೆ, ಬುಗುರಿಯ ಚಲನೆ ಎರಡೂ ಇದ್ದು, ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಇನ್ನು ಸುತ್ತಿನ ಅಗಲ. ಬುಗುರಿ ಪಕ್ಕಕ್ಕೆ ಸುತ್ತುವ ವೃತ್ತ ಎಷ್ಟು ಅಗಲ ಎಂಬ ಲೆಕ್ಕವಿದು. ಆರಂಭದ ಯಂತ್ರಗಳಲ್ಲಿ ಸುಮಾರು 8 ಮಿಲಿಮೀಟರ್. 1947ರಲ್ಲಿ ಸ್ಥಾಪನೆಯಾದ ಇಟಲಿಯ ರೂಪೆಸ್ ಕಂಪನಿ 15 ಮತ್ತು 21 ಮಿಲಿಮೀಟರಿನ ಯಂತ್ರಗಳನ್ನು ತಂದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಸುತ್ತು ದೊಡ್ಡದಾದರೆ ಕೆಲಸ ಬೇಗ ಮುಗಿಯುತ್ತದೆ, ಶಾಖವೂ ಹರಡಿಕೊಳ್ಳುತ್ತದೆ. ಆದರೆ 21 ಮಿಲಿಮೀಟರಿನ ಯಂತ್ರ ಖುಷಿಪಡುವುದು ದೊಡ್ಡ ಗಾಡಿಯ ಬಾನೆಟ್ಟು, ಚಾವಣಿಯಂತಹ ಬಯಲಿನಲ್ಲಿ. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಹ್ಯಾಚ್‌ಬ್ಯಾಕ್ ಕಾರಿನ ಮಡಿಕೆ, ಬಂಪರ್, ಬಾಗಿಲ ಹಿಡಿಯ ಸುತ್ತ ಅದು ಪದೇ ಪದೇ ನಿಂತುಬಿಡುತ್ತದೆ. ಒಂದೇ ಯಂತ್ರ ಕೊಳ್ಳುವುದಾದರೆ 5 ಇಂಚಿನ ತಟ್ಟೆಯಿರುವ 15 ಮಿಲಿಮೀಟರಿನದು ಹೆಚ್ಚು ಜನರಿಗೆ ಒಗ್ಗುತ್ತದೆ. ಮೂಲೆ ಮುಡುಕಿಗೆ 3 ಇಂಚಿನ ಸಣ್ಣ ಯಂತ್ರವನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಆದರೆ ಕೇಳುಗರೇ, ನಿಮಗೆ ಹೊಸ ಯಂತ್ರ ನಿಜಕ್ಕೂ ಬೇಕೇ? ಹಣ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಯಂತ್ರದ ತಟ್ಟೆಯ ಅಂಚಿನಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಆ ಗೆರೆ ತಿರುಗುತ್ತಿದೆಯೇ ನೋಡಿ. ಸಮತಟ್ಟು ಜಾಗದಲ್ಲೇ ನಿಂತರೆ ನೀವು ಹೆಚ್ಚು ಅದುಮುತ್ತಿದ್ದೀರಿ, ಇಲ್ಲವೇ ಯಂತ್ರವನ್ನು ಓರೆಯಾಗಿ ಹಿಡಿದಿದ್ದೀರಿ ಎಂದರ್ಥ. ಪ್ಯಾಡ್ ಕೊಳೆಯಾಗಿ ಕಾಂಪೌಂಡ್ ಮೆತ್ತಿಕೊಂಡಿದ್ದರೂ ಹೀಗಾಗುತ್ತದೆ. ಪ್ರತಿ ಭಾಗ ಮುಗಿದ ಮೇಲೆ ಪ್ಯಾಡನ್ನು ಬ್ರಷ್ಷಿನಿಂದ ಉಜ್ಜಿ, ನಾಲ್ಕಾರು ಪ್ಯಾಡ್ ಬದಲಾಯಿಸುತ್ತಾ ಹೋದರೆ ಹಳೆಯ ಯಂತ್ರವೇ ಹೊಸದರಂತೆ ಕೆಲಸ ಮಾಡೀತು. ವರ್ಷಕ್ಕೊಮ್ಮೆ ಸ್ವಂತ ಕಾರಿಗೆ ಮಾತ್ರ ಬಳಸುವವರಿಗೆ ಇಷ್ಟು ಸಾಕು. ಇಷ್ಟೆಲ್ಲ ಸರಿಪಡಿಸಿದ ಮೇಲೂ ತಿರುವುಗಳಲ್ಲಿ ಯಂತ್ರ ನಿಲ್ಲುತ್ತಿದೆ, ಕೈ ಜೋಮು ಹಿಡಿಯುತ್ತಿದೆ, ತಿಂಗಳಿಗೆ ಹಲವು ಕಾರುಗಳ ಕೆಲಸವಿದೆ ಎಂದಾದರೆ, ದೊಡ್ಡದು ಕೊಳ್ಳಲು ಸಕಾರಣ ಇದೆ.

ಕೊಳ್ಳುವಾಗ ಇನ್ನೂ ಕೆಲವು ಸಂಗತಿ ವಿಚಾರಿಸಿ. ತೂಕ ಎಷ್ಟು? ಬಾಗಿಲಿಗೆ ಅಡ್ಡಲಾಗಿ ಎತ್ತಿ ಹಿಡಿದು ನೋಡಿ. ಅಂಗಡಿಯಲ್ಲಿ ಹಗುರ ಎನಿಸಿದ್ದು ಮೂರು ಗಂಟೆಯ ನಂತರ ಭಾರವಾಗುತ್ತದೆ. ವೇಗದ ನಿಯಂತ್ರಣ ಇದೆಯೇ? ಕಾರ್ಬನ್ ಬ್ರಷ್, ತಟ್ಟೆ, ವೈರು ನಿಮ್ಮ ಊರಿನಲ್ಲೇ ಸಿಗುತ್ತವೆಯೇ? ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಡುತ್ತೇನೆಂದರೆ ವೋಲ್ಟೇಜ್ ಕೇಳಿ. ಅಲ್ಲಿನದು 120, ನಮ್ಮದು 230. ನೇರವಾಗಿ ಚುಚ್ಚಿದರೆ ಯಂತ್ರ ಸುಟ್ಟೀತು. ತಕ್ಕ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕು, ಆಗ ಉಳಿದ ಹಣ ಅಲ್ಲಿಗೆ ಹೋಗುತ್ತದೆ. ಪಾರ್ಕಿಂಗಿನಲ್ಲಿ ಕೆಲಸ ಮಾಡುವವರು ದಪ್ಪ ತಂತಿಯ ಎಕ್ಸ್‌ಟೆನ್ಷನ್ ಬಳಸಿ, ಒದ್ದೆ ನೆಲದಿಂದ ದೂರ ಇಡಿ, ಸೊಸೈಟಿಯ ಒಪ್ಪಿಗೆಯನ್ನೂ ಪಡೆಯಿರಿ.

ಯಂತ್ರ ಮನೆಗೆ ಬಂದ ಮೇಲೆ ಇಡೀ ಕಾರಿನ ಮೇಲೆ ಮುಗಿಬೀಳಬೇಡಿ. ಕಾರನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ತಣ್ಣಗಾಗಿಸಿ. ಬಾನೆಟ್ಟಿನ ಎರಡಡಿ ಚೌಕಕ್ಕೆ ಟೇಪ್ ಅಂಟಿಸಿ, ಅತಿ ಮೃದುವಾದ ಪ್ಯಾಡ್ ಮತ್ತು ನವಿರಾದ ಪಾಲಿಶ್‌ನಿಂದ ಆರಂಭಿಸಿ. ಒಪ್ಪವಾಯಿತೋ, ಅಷ್ಟೇ ಸಾಕು. ಆಗದಿದ್ದರೆ ಮಾತ್ರ ಒಂದು ಹೆಜ್ಜೆ ಖಡಕ್ಕಾದದ್ದಕ್ಕೆ ಹೋಗಿ. ಪಾಲಿಶ್‌ನ ಎಣ್ಣೆಯಂಶ ಗೆರೆಗಳನ್ನು ಮುಚ್ಚಿಡುತ್ತದೆ. ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆಯೇ ನಿಜ ಗೊತ್ತಾಗುವುದು. ಬೇರೆಯವರ ಕಾರು ಮುಟ್ಟುವವರು ಬಣ್ಣದ ದಪ್ಪ ಅಳೆಯುವ ಗೇಜ್ ಕೊಳ್ಳಿ. ಅದು ಬಣ್ಣದ ಒಟ್ಟು ದಪ್ಪವನ್ನು ತೋರಿಸುತ್ತದೆ. ಹಿಂದೆ ಮತ್ತೆ ಪೇಂಟ್ ಮಾಡಿಸಿದ ಜಾಗ, ಅತಿಯಾಗಿ ಸವೆದ ಜಾಗ ಎರಡರ ಸುಳಿವೂ ಸಿಗುತ್ತದೆ. ಮ್ಯಾಟ್ ಬಣ್ಣದ ಕಾರಿಗಂತೂ ಯಂತ್ರ ತಾಗಿಸಲೇಬೇಡಿ. ಅದರ ಮಂಕೇ ಅದರ ಸೊಗಸು.

ಕೊನೆಯದಾಗಿ ಒಂದು ಮಾತು. ಉಗುರು ಎಳೆದಾಗ ತಡೆಯುವಷ್ಟು ಆಳವಾದ ಗೆರೆಯನ್ನು ಪೂರ್ತಿ ಅಳಿಸುವ ಹಟ ಬೇಡ. ಅಂಚು ನವಿರಾಗಿಸಿ, ಬಿಟ್ಟುಬಿಡಿ. ಕಣ್ಣಿಗೆ ಸ್ವಲ್ಪ ಕಂಡರೂ ಕ್ಲಿಯರ್ ಕೋಟ್ ಉಳಿಯುತ್ತದಲ್ಲ, ಅದು ಲಾಭ. ಇಷ್ಟು ಶ್ರಮಪಟ್ಟು ಹೊಳೆಯಿಸಿದ ಕಾರಿಗೆ ನಾಳೆ ಬೆಳಿಗ್ಗೆ ಮತ್ತೆ ಅದೇ ಬಕೆಟ್, ಅದೇ ಬಟ್ಟೆ ಬೀಳದಂತೆಯೂ ನೋಡಿಕೊಳ್ಳಿ. ಕಾರು ಒರೆಸುವ ಹುಡುಗನಿಗೆ ಎರಡು ಬಕೆಟ್, ನಾಲ್ಕು ಮೈಕ್ರೋಫೈಬರ್ ಬಟ್ಟೆ ನೀವೇ ಕೊಡಿಸಿ, ತೋರಿಸಿಕೊಡಿ. ಎಷ್ಟು ಬೆಲೆಯ ಯಂತ್ರ ತಂದರೂ ಆ ಉಳಿತಾಯಕ್ಕೆ ಸಮನಿಲ್ಲ.