ಮನೆಯಲ್ಲಿಯೇ ಒಂದು ಕಾಫಿ ಮೇಜು



ಮಳೆಗಾಲದಲ್ಲಿ ನಮ್ಮ ಮನೆಗಳ ಬಾಗಿಲುಗಳು ಚೌಕಟ್ಟಿನಲ್ಲಿ ಬಿಗಿದುಕೊಳ್ಳುವುದನ್ನೂ, ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ತಾವಾಗಿಯೇ ಸಡಿಲುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಕಡಿದು ಎಷ್ಟು ವರ್ಷಗಳಾದರೂ ಮರವು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಕಾಫಿಯ ಲೋಟಗಳನ್ನಿಡಲು ಒಂದು ತಗ್ಗಾದ ಮೇಜನ್ನು ತಮ್ಮ ಕೈಯಿಂದಲೇ ಮಾಡಬಯಸುವವರು ಮೊದಲು ತಿಳಿಯತಕ್ಕ ವಿಷಯ ಇದೇ. ಗರಗಸ ಹಿಡಿಯುವ ಚಾತುರ್ಯ ಅಭ್ಯಾಸದಿಂದ ಬಂದೀತು. ಮರದ ಈ ಸ್ವಭಾವವನ್ನು ಅರಿಯದೆ ಮಾಡಿದ ಮೇಜಾದರೋ, ಎಷ್ಟೇ ನಯವಾಗಿರಲಿ, ಒಂದೆರಡು ಬೇಸಗೆಯೊಳಗೆ ಸೀಳುವ ಸಂಭವವುಂಟು.

ಮರಗಳಲ್ಲಿ ತೇಗವನ್ನು ಆರಿಸುವುದು ಲೇಸು. ಬೀಟೆಯ ಅಂದಕ್ಕೆ ಎಣೆಯಿಲ್ಲ, ಆದರೆ ಹೊಸಬರ ಕೈಗೆ ಅದು ಬಲು ಗಡಸು. ತೇಗದಲ್ಲಿಯೂ ಮರಳಿನ ಅಂಶವಿರುವುದರಿಂದ ಉಳಿಯನ್ನು ಆಗಾಗ ಮಸೆಯಬೇಕಾದೀತು. ಈ ತೊಂದರೆಗೆ ಪ್ರತಿಯಾಗಿ ಅದು ಇತರ ಅನೇಕ ಮರಗಳಿಗಿಂತ ಕಡಿಮೆ ಹಿಗ್ಗುತ್ತದೆ. ಹಾಗಿದ್ದರೂ ೧೮ ಅಂಗುಲ ಅಗಲದ ತೇಗದ ಹಲಗೆಯು ಮಳೆಗಾಲಕ್ಕೂ ಬೇಸಗೆಗೂ ನಡುವೆ ಸುಮಾರು ೧/೮ ಅಂಗುಲದಷ್ಟು ಹೆಚ್ಚು ಕಡಿಮೆಯಾಗಬಹುದು. ಈ ಬದಲಾವಣೆಯೆಲ್ಲ ಅಗಲದಲ್ಲಿ. ಉದ್ದದಲ್ಲಿ ಆಗುವುದು ಗಣನೆಗೆ ಬಾರದಷ್ಟು ಅಲ್ಪ.

೧೬ ಅಂಗುಲ ಎತ್ತರದ ನಾಲ್ಕು ಕಾಲುಗಳು, ಅವನ್ನು ಕೂಡಿಸುವ ನಾಲ್ಕು ಅಡ್ಡಪಟ್ಟಿಗಳು, ಮೇಲೊಂದು ಹಲಗೆ: ಮೇಜೆಂದರೆ ಇಷ್ಟೆ. ಪಟ್ಟಿಯ ತುದಿಗಳಲ್ಲಿ ನಾಲಗೆಯನ್ನೂ ಕಾಲಿನಲ್ಲಿ ಅದಕ್ಕೊಪ್ಪುವ ಗುಳಿಯನ್ನೂ ತೆಗೆಯಬೇಕು. ನಾಲಗೆಯ ದಪ್ಪವು ಪಟ್ಟಿಯ ದಪ್ಪದ ಮೂರರಲ್ಲೊಂದು ಪಾಲಿದ್ದರೆ ಸಾಕು. ಕೊಡತಿಯ ಒಂದೆರಡು ಮೆಲ್ಲನೆಯ ಏಟಿಗೆ ಅದು ಒಳಸೇರಬೇಕು. ಬಲಾತ್ಕಾರದಿಂದ ಬಡಿದರೆ ಕಾಲೇ ಸೀಳೀತು. ಈ ಕೂಡುಗಳಿಗೆ ಸರೇಸು ಹಚ್ಚಲು ಅಡ್ಡಿಯಿಲ್ಲ.

ಮೇಲಿನ ಹಲಗೆಯ ಮಾತು ಬೇರೆ. ಅದನ್ನು ಸರೇಸಿನಿಂದಲೋ ಮೊಳೆಗಳಿಂದಲೋ ಚೌಕಟ್ಟಿಗೆ ಭದ್ರಪಡಿಸಿದರೆ, ಹಲಗೆ ಕುಗ್ಗಬಯಸುವಾಗ ಚೌಕಟ್ಟು ಅದನ್ನು ಬಿಡುವುದಿಲ್ಲ. ಆಗ ಸೀಳುವುದಲ್ಲದೆ ಅದಕ್ಕೆ ಅನ್ಯಮಾರ್ಗವೆಲ್ಲಿ? ಆದಕಾರಣ ಪಟ್ಟಿಗಳ ಒಳಮೈಯಲ್ಲಿ ಒಂದು ಗಾಡಿಯನ್ನು ಕೊರೆದು, ಹೆಬ್ಬೆಟ್ಟಿನಗಲದ ಮರದ ತುಂಡುಗಳ ತುದಿಯನ್ನು ಅದರೊಳಗೆ ಸಡಿಲವಾಗಿ ತೂರಿಸಿ, ಆ ತುಂಡುಗಳನ್ನು ಮಾತ್ರ ಹಲಗೆಯ ತಳಕ್ಕೆ ತಿರುಪಿನಿಂದ ಬಿಗಿಯಬೇಕು. ಹಲಗೆ ಮೇಲಕ್ಕೆ ಏಳದು, ಅಗಲದಲ್ಲಿ ಸರಿದಾಡಲು ಸ್ವತಂತ್ರವಾಗಿರುವುದು. ಇದೇನೂ ಹೊಸ ಉಪಾಯವಲ್ಲ. ಹಳೆಯ ಮನೆಗಳ ದಿಲ್ಲಾ ಬಾಗಿಲುಗಳನ್ನು ಪರೀಕ್ಷಿಸಿದರೆ, ಬಡಗಿಯು ನಡುವಣ ಹಲಗೆಯನ್ನು ಅಂಟಿಸದೆ ಗಾಡಿಯಲ್ಲಿ ಬರಿದೆ ನಿಲ್ಲಿಸಿರುವುದು ಕಾಣುತ್ತದೆ.

ಇನ್ನು ಮೆರುಗು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದರೆ ಕನ್ನಡಿಯಂತೆ ಹೊಳೆಯುವುದು ನಿಜ; ಆದರೆ ಬಿಸಿ ಲೋಟವು ಅದರ ಮೇಲೆ ಬಿಳಿಯ ಉಂಗುರವನ್ನು ಉಳಿಸಿಹೋಗುತ್ತದೆ. ಲೋಟವನ್ನು ಬಟ್ಟಲಿನೊಡನೆ ಕೊಡುವ ನಮ್ಮ ಪದ್ಧತಿ ಮೇಜಿಗೂ ಉಪಕಾರಿಯೇ, ಅತಿಥಿಗಳು ಅದನ್ನು ಪಾಲಿಸಿದರೆ! ಕಾಸಿದ ಅಗಸೆಯೆಣ್ಣೆಯನ್ನು ತೆಳ್ಳಗೆ ಹಲವು ಸಲ ಉಜ್ಜುವುದನ್ನೇ ನಾವು ಮೆಚ್ಚುತ್ತೇವೆ. ಕಲೆ ಬಿದ್ದರೆ ಮತ್ತೆ ಉಜ್ಜಿ ಸರಿಪಡಿಸಬಹುದು. ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಆರುವಾಗ ಹುಟ್ಟುವ ಕಾವಿನಿಂದ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ, ಹೊರಗೆ ಬಯಲಿನಲ್ಲಿ ಹರಡಿ ಒಣಗಿಸತಕ್ಕದ್ದು.