ಗರಿಗರಿ ಸಿಗಡಿ, ಸರಿಯಾದ ಲೆಕ್ಕ
(ಕಲಿಕಾ ಕೇಂದ್ರದ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ಸಿಗಡಿ ಕರಿಯುವ ಮಾತು. "ಸಿಗಡಿ ಕರಿಯಲಿಕ್ಕೆ ನಮಗೆ ಹೇಳಿಕೊಡಬೇಕಾ?" ಅಂತ ನೀವು ನಗಬಹುದು. ನಗಿ. ಮನೆಗೆ ಮಾಡುವಾಗ ಹೇಗೂ ನಡೆಯುತ್ತದೆ. ಆದರೆ ನಿಮ್ಮಲ್ಲಿ ಕೆಲವರು ಸಂಜೆ ಗಾಡಿ ಇಡಬೇಕು ಅಂತ ಇದ್ದೀರಿ. ಸಂಘದಿಂದ ಸಾಲ ತೆಗೆಯುವ ಮಾತೂ ಉಂಟು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಒಟ್ಟು 61 ದಿನ. ಆಗ ಸಿಗಡಿ ಸಿಗುವುದು ಕಷ್ಟ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಉಳಿದ ತಿಂಗಳಲ್ಲಿ ದುಡಿದದ್ದು ಕೈಯಲ್ಲಿ ಉಳಿಯಬೇಕು.

ಅದು ಎಲ್ಲಿ ಹೋಗುತ್ತದೆ? ಎಣ್ಣೆಯಲ್ಲಿ ಹೋಗುತ್ತದೆ. ಹಿಟ್ಟು ಎಣ್ಣೆ ಕುಡಿದರೆ ನಮ್ಮ ಲಾಭ ಕುಡಿದ ಹಾಗೆ. ತಿಂದವರೂ ಮತ್ತೆ ಬರುವುದಿಲ್ಲ.

ಮೊದಲು ಸಿಗಡಿ ನೋಡಿ. ಕೆಟ್ಟ ವಾಸನೆ ಇರಬಾರದು. ಮುಟ್ಟಿದರೆ ಗಟ್ಟಿ ಇರಬೇಕು. ಸಿಪ್ಪೆ ಸುಲಿಯಿರಿ. ಬೆನ್ನಿನ ಕಪ್ಪು ನಾರು ತೆಗೆಯಿರಿ. ಬಾಲ ಬಿಡುವುದಾದರೆ ಅದರ ತುದಿ ಕತ್ತರಿಸಿ. ಬಾಲದ ಒಳಗೆ ನೀರು ಇರುತ್ತದೆ. ಬಿಸಿ ಎಣ್ಣೆಗೆ ಬಿದ್ದರೆ ಅದು ಸಿಡಿಯುತ್ತದೆ.

ಸುಲಿದ ಸಿಗಡಿ ಅರ್ಧ ಕಿಲೋ ಅಂತ ಇಟ್ಟುಕೊಳ್ಳಿ. ಉಪ್ಪು, ಅರಸಿನ, ಮೆಣಸಿನ ಪುಡಿ, ಸ್ವಲ್ಪ ಲಿಂಬೆ ರಸ ಹಚ್ಚಿ. ಹತ್ತು ನಿಮಿಷ ಬಿಡಿ. ಉಪ್ಪಿಗೆ ಸಿಗಡಿ ನೀರು ಬಿಡುತ್ತದೆ. ಆ ನೀರು ಬಸಿಯಿರಿ. ಶುದ್ಧ ಬಟ್ಟೆಯಲ್ಲಿ ಒತ್ತಿ ಒರೆಸಿ. ಮೇಲೆ ಒಣ ಹಿಟ್ಟು ತೆಳ್ಳಗೆ ಉದುರಿಸಿ. ಒದ್ದೆ ಸಿಗಡಿಗೆ ಹಿಟ್ಟು ಹಿಡಿಯುವುದಿಲ್ಲ. ಬಾಣಲೆಯಲ್ಲಿ ಕಳಚಿ ಹೋಗುತ್ತದೆ.

ಈಗ ಹಿಟ್ಟು. ಒಂದು ಲೋಟ ಮೈದಾ, ಅರ್ಧ ಲೋಟ ಅಕ್ಕಿ ಹಿಟ್ಟು. ಒಂದು ಚಿಟಿಕೆ ಅಡುಗೆ ಸೋಡಾ, ಸ್ವಲ್ಪ ಉಪ್ಪು. ಸೋಡಾ ಹೆಚ್ಚಾದರೆ ಹಿಟ್ಟು ಎಣ್ಣೆ ಕುಡಿಯುತ್ತದೆ, ನೆನಪಿರಲಿ. ಎಲ್ಲಾ ಒಣಗಿದ್ದಾಗಲೇ ಬೆರೆಸಿ. ಬಾಣಲೆ ಒಲೆಯ ಮೇಲೆ ಇಟ್ಟ ಮೇಲೆಯೇ ನೀರು ಹಾಕಿ. ನೀರು ತುಂಬಾ ತಣ್ಣಗೆ ಇರಲಿ. ಐಸ್ ಹಾಕಿದ ನೀರಾದರೆ ಒಳ್ಳೆಯದು. ಒಂದು ಲೋಟ ಹಾಕಿ, ನೋಡಿ, ಬೇಕಾದರೆ ಇನ್ನೂ ಸ್ವಲ್ಪ ಹಾಕಿ. ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಇರಬೇಕು.

ಹೆಚ್ಚು ಕಲಸಬೇಡಿ. ಯಾಕೆ? ಪರೋಟದ ಮೈದಾವನ್ನು ಎಷ್ಟು ನಾದುತ್ತಾರೆ ಅಂತ ನೋಡಿದ್ದೀರಲ್ಲ. ನಾದಿದಷ್ಟೂ ಅದು ರಬ್ಬರಿನ ಹಾಗೆ ಎಳೆಯುತ್ತದೆ. ಪರೋಟಕ್ಕೆ ಅದು ಬೇಕು. ನಮಗೆ ಬೇಡ. ಇಲ್ಲಿ ಎಳೆತ ಬಂದರೆ ಹಿಟ್ಟು ಗಟ್ಟಿ ಚರ್ಮದ ಹಾಗೆ ಆಗುತ್ತದೆ. ತಣ್ಣೀರು ಆ ಎಳೆತವನ್ನು ತಡೆಯುತ್ತದೆ. ಅಕ್ಕಿ ಹಿಟ್ಟಿನಲ್ಲಿ ಆ ಎಳೆತ ಇಲ್ಲವೇ ಇಲ್ಲ. ಅದಕ್ಕೇ ಅಕ್ಕಿ ಹಿಟ್ಟು ಸೇರಿದರೆ ಗರಿಗರಿ. ಒಂದೆರಡು ಗಂಟು ಉಳಿದರೂ ಚಿಂತೆ ಇಲ್ಲ.

ಎಣ್ಣೆ ಚೆನ್ನಾಗಿ ಕಾಯಲಿ, ಹೊಗೆ ಬರುವುದು ಬೇಡ. ಒಂದು ಹನಿ ಹಿಟ್ಟು ಬಿಡಿ. ತಳದಲ್ಲೇ ಕುಳಿತರೆ ಕಾದಿಲ್ಲ. ಕೂಡಲೇ ಕಪ್ಪಾದರೆ ಹೆಚ್ಚು ಕಾದಿದೆ. ಗುಳ್ಳೆ ಬಂದು ತಕ್ಷಣ ಮೇಲೆದ್ದರೆ ಸರಿ. ಬಿಸಿ ಸರಿ ಇದ್ದರೆ ಹಿಟ್ಟಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಆವಿ ಹೊರಗೆ ಬರುವಾಗ ಎಣ್ಣೆ ಒಳಗೆ ಹೋಗಲಿಕ್ಕೆ ಜಾಗ ಇಲ್ಲ. ಎಣ್ಣೆ ತಣ್ಣಗಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ.

ಒಮ್ಮೆಲೇ ಎಲ್ಲಾ ಹಾಕಬೇಡಿ. ಎಣ್ಣೆ ತಣಿಯುತ್ತದೆ. ಐದಾರು ಹಾಕಿ. ಎರಡು ಮೂರು ನಿಮಿಷ ಸಾಕು. ಹೆಚ್ಚು ಬೆಂದರೆ ಸಿಗಡಿ ರಬ್ಬರ್ ಆಗುತ್ತದೆ. ತೆಗೆದು ಜಾಲರಿಯ ಮೇಲೆ ಬಿಡಿ ಬಿಡಿಯಾಗಿ ಇಡಿ. ಮುಚ್ಚಬೇಡಿ. ಮುಚ್ಚಿದರೆ ಅದರ ಆವಿಗೆ ಅದೇ ಮೆತ್ತಗಾಗುತ್ತದೆ.

ಇನ್ನು ನಾಲ್ಕು ಮಾತು. ಮನಸ್ಸಿಟ್ಟು ಕೇಳಿ.

ಒಂದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಬೆಂಕಿ ಹಾರಿ ಮೈಮೇಲೆ ಬರುತ್ತದೆ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳ ಮುಚ್ಚಿ. ದೂರ ಸರಿಯಿರಿ.

ಎರಡು. ಕಪ್ಪಾದ, ಮಂದವಾದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಪದೇ ಪದೇ ಕಾಯಿಸಿ ಕೆಟ್ಟ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಅಂತ 2018ರ ಜುಲೈ 1ರಿಂದ ದೇಶದಲ್ಲಿ ನಿಯಮ ಉಂಟು.

ಮೂರು. ಕರಿದದ್ದನ್ನು ಪತ್ರಿಕೆಯ ಕಾಗದದಲ್ಲಿ ಕಟ್ಟಿ ಕೊಡಬೇಡಿ. ಅದರ ಶಾಯಿ ತಿಂಡಿಗೆ ಹತ್ತುತ್ತದೆ. ಪತ್ರಿಕೆ ಓದಲಿಕ್ಕೆ ಇರಲಿ. ಬಾಳೆ ಎಲೆ ಚೂರು ಸಾಕು.

ನಾಲ್ಕು. ಕೆಲವರಿಗೆ ಸಿಗಡಿ ಆಗುವುದಿಲ್ಲ. ಮೈ ತುರಿಸುತ್ತದೆ, ತುಟಿ ಊದುತ್ತದೆ, ಉಸಿರು ಕಟ್ಟುವುದೂ ಉಂಟು. ಸಿಗಡಿ ಕರಿದ ಎಣ್ಣೆಯಲ್ಲಿ ಬೇರೆ ಬಜ್ಜಿ ಕರಿದು ಅಂಥವರಿಗೆ ಕೊಡಬಾರದು.

ಈಗ ಲೆಕ್ಕ. ಅಕ್ಷರ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಎಣ್ಣೆ ಪೊಟ್ಟಣದ ಮೇಲೆ ತಾರೀಕು ಓದಿ. ತೂಕ ಓದಿ. ಒಂದು ನೋಟು ಪುಸ್ತಕ ಇಡಿ. ಕರಿಯುವ ಮೊದಲು ಎಷ್ಟು ಎಣ್ಣೆ ಇತ್ತು, ಬರೆಯಿರಿ. ತಣಿದ ಮೇಲೆ ಎಷ್ಟು ಉಳಿಯಿತು, ಬರೆಯಿರಿ. 1 ಲೀಟರ್ ಇತ್ತು, 800 ಮಿಲಿ ಉಳಿಯಿತು ಅಂದರೆ 200 ಮಿಲಿ ಹೋಯಿತು. ಮರುದಿನ 300 ಮಿಲಿ ಹೋದರೆ ಕೇಳಿ: ಇವತ್ತು ಏನು ಹೆಚ್ಚು ಕಡಿಮೆ ಆಯಿತು? ಎಣ್ಣೆ ಕಾದಿರಲಿಲ್ಲವೇ? ಹಿಟ್ಟು ಹೆಚ್ಚು ದಪ್ಪವಾಯಿತೇ? ಸೋಡಾ ಹೆಚ್ಚಾಯಿತೇ?

ಸಿಗಡಿಯ ಖರ್ಚು, ಹಿಟ್ಟಿನ ಖರ್ಚು, ಗ್ಯಾಸ್, ಎಣ್ಣೆ ಎಲ್ಲಾ ಕೂಡಿಸಿ. ನಿಮ್ಮ ದುಡಿಮೆಯ ಕೂಲಿಯನ್ನೂ ಬರೆಯಿರಿ. ಅದನ್ನು ಬರೆಯಲಿಕ್ಕೆ ನಾವು ಹೆಂಗಸರು ಯಾವಾಗಲೂ ಮರೆಯುತ್ತೇವೆ. ಆಮೇಲೆ ತಟ್ಟೆಗೆ ಎಷ್ಟು ರೂಪಾಯಿ ಅಂತ ನೀವೇ ಹೇಳಿ. ಬೇರೆಯವರು ಹೇಳುವುದು ಬೇಡ.

ಬನ್ನಿ, ಇವತ್ತೇ ಪುಸ್ತಕ ತೆರೆಯೋಣ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬರೆಯಿರಿ.